ಎಚ್‌ಡಿವಿ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವುದು: ಹಂತ ಹಂತವಾಗಿ, ಎಡವುವ ಜಾಗಗಳ ಸಮೇತ

‘ಕ್ಯಾಸೆಟ್ ಖಾಲಿ ಇದೆ.’ ‘ಕಂಪ್ಯೂಟರ್ ಕ್ಯಾಮೆರಾವನ್ನು ಗುರುತಿಸುತ್ತಲೇ ಇಲ್ಲ.’ ‘ಇಳಿಸಿಕೊಂಡ ವಿಡಿಯೋ ಡಿವಿಡಿಯಷ್ಟೇ ಮಸುಕಾಗಿದೆ.’ ಹಳೆಯ ಎಚ್‌ಡಿವಿ ಕ್ಯಾಸೆಟ್‌ಗಳನ್ನು, ಅಂದರೆ ಎಚ್‌ಡಿ ವಿಡಿಯೋ ಇರುವ ಪುಟ್ಟ ಕ್ಯಾಮೆರಾ ಟೇಪುಗಳನ್ನು, ಉಳಿಸಿಕೊಳ್ಳಲು ಹೊರಟವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತುಗಳು ಇವು. ಇಂಥ ದೂರುಗಳಲ್ಲಿ ಕ್ಯಾಸೆಟ್ ನಿಜವಾಗಿ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ಮೊದಲು ಮಾಡಬೇಕಾದ ಕೆಲಸವನ್ನು ಆಮೇಲೆ ಮಾಡಿರುತ್ತಾರೆ. ಆದ್ದರಿಂದ ಈ ಬರಹವನ್ನು ಪೂರ್ತಿ ಓದಿದ ಮೇಲೆಯೇ ಕ್ಯಾಸೆಟ್ ಮುಟ್ಟಿ.

ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಎಚ್‌ಡಿವಿ ಟೇಪಿನ ಮೇಲೆ ಚಿತ್ರ ಇರುವುದು ಎಂಪೆಗ್-2 ಎಂಬ ಡಿಜಿಟಲ್ ದತ್ತಾಂಶವಾಗಿ, ಸೆಕೆಂಡಿಗೆ 25 ಮೆಗಾಬಿಟ್ ವೇಗದಲ್ಲಿ. ಅದನ್ನು ಕಂಪ್ಯೂಟರ್‌ಗೆ ತರುವುದೆಂದರೆ ಪೆನ್‌ಡ್ರೈವ್‌ನಿಂದ ಫೈಲ್ ನಕಲು ಮಾಡಿದ ಹಾಗೆ. ಟೇಪಿನಲ್ಲಿರುವುದು ಒಂದು ಬಿಟ್ಟೂ ಬದಲಾಗದೆ ಹಾರ್ಡ್ ಡಿಸ್ಕಿಗೆ ಬರಬೇಕು. ಅದಕ್ಕಿರುವ ದಾರಿ ಫೈರ್‌ವೈರ್ ಕೇಬಲ್. ಸೋನಿ ಇದನ್ನೇ ಐ.ಲಿಂಕ್ ಎಂದು ಕರೆಯಿತು. ಹಳದಿ, ಕೆಂಪು, ಬಿಳಿ ಪಿನ್ನುಗಳ ಕೇಬಲನ್ನು ಯುಎಸ್‌ಬಿ ಡಬ್ಬಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿಕೊಂಡರೆ ಎಚ್‌ಡಿ ಅಲ್ಲಿಗೇ ಸತ್ತಿತು.

ಹಂತ 1: ಕೈಯಲ್ಲಿರುವುದು ಯಾವ ಕ್ಯಾಸೆಟ್ ಎಂದು ತಿಳಿಯಿರಿ

ಎಚ್‌ಡಿವಿಗೆ ಬೇರೆ ಕ್ಯಾಸೆಟ್ ಇಲ್ಲ. ಡಿವಿ, ಅಂದರೆ ಎಚ್‌ಡಿ ಅಲ್ಲದ ಸಾದಾ ಡಿಜಿಟಲ್ ವಿಡಿಯೋಗೆ ಬಳಸುತ್ತಿದ್ದ ಮಿನಿ ಡಿವಿ ಕ್ಯಾಸೆಟ್‌ನಲ್ಲೇ ಎಚ್‌ಡಿವಿಯನ್ನೂ ರೆಕಾರ್ಡ್ ಮಾಡುತ್ತಿದ್ದರು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮೊದಲ ಗೊಂದಲ ಹುಟ್ಟುವುದು ಇಲ್ಲೇ. ಎಚ್‌ಡಿವಿ ರೆಕಾರ್ಡ್ ಆದ ಕ್ಯಾಸೆಟನ್ನು ಸಾದಾ ಡಿವಿ ಕ್ಯಾಮೆರಾಕ್ಕೆ ಹಾಕಿದರೆ ಚಿತ್ರವೂ ಬರುವುದಿಲ್ಲ, ಧ್ವನಿಯೂ ಬರುವುದಿಲ್ಲ. ಟೇಪು ತಿರುಗುತ್ತದೆ, ಪರದೆ ಬರಿದಾಗಿರುತ್ತದೆ. ಖಾಲಿ ಕ್ಯಾಸೆಟ್ ಎಂದು ತಿಳಿದು ಮದುವೆಯ ಟೇಪಿನ ಮೇಲೆ ಮಗುವಿನ ಹುಟ್ಟುಹಬ್ಬವನ್ನು ರೆಕಾರ್ಡ್ ಮಾಡಿದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಬೇರೇನೂ ಮಾಡುವ ಮೊದಲು ಪ್ರತಿ ಕ್ಯಾಸೆಟ್‌ನ ಬೆನ್ನಿನಲ್ಲಿರುವ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ. ಆಮೇಲೆ ತಪ್ಪಿ ಒತ್ತಿದರೂ ರೆಕಾರ್ಡ್ ಆಗುವುದಿಲ್ಲ.

ಕ್ಯಾಸೆಟ್‌ನ ಚೀಟಿಯ ಮೇಲೆ ಎಚ್‌ಡಿವಿ ಎಂದು ಬರೆದಿರಬಹುದು, ಬರೆಯದೆಯೂ ಇರಬಹುದು. ಯಾವ ಕ್ಯಾಮೆರಾದಲ್ಲಿ ಚಿತ್ರಿಸಿದ್ದು ಎಂದು ನೆನಪಿದ್ದರೆ ಕೆಲಸ ಅರ್ಧ ಮುಗಿದಂತೆ. ಸೋನಿ ಪಿಡಿ170 ಆಗಿದ್ದರೆ ಅದು ಸಾದಾ ಡಿವಿ ಅಥವಾ ಅದರದೇ ವೃತ್ತಿಪರ ರೂಪವಾದ ಡಿವಿಕ್ಯಾಮ್. ಸೋನಿ ಎಫ್‌ಎಕ್ಸ್1, ಝಡ್1, ಎಚ್‌ಸಿ1, ಎಚ್‌ಸಿ3, ಎಚ್‌ಸಿ9 ಅಥವಾ ಕ್ಯಾನನ್ ಎಚ್‌ವಿ20, ಎಚ್‌ವಿ30, ಎಕ್ಸ್‌ಎಚ್-ಎ1 ಆಗಿದ್ದರೆ ಎಚ್‌ಡಿವಿ ಇರುವ ಸಾಧ್ಯತೆ ಇದೆ. ‘ಸಾಧ್ಯತೆ’ ಎಂದದ್ದಕ್ಕೆ ಕಾರಣವಿದೆ: ಈ ಎಲ್ಲ ಕ್ಯಾಮೆರಾಗಳೂ ಸಾದಾ ಡಿವಿಯನ್ನೂ ರೆಕಾರ್ಡ್ ಮಾಡುತ್ತವೆ. ಒಂದೇ ಟೇಪಿನಲ್ಲಿ ಎರಡೂ ಬೆರೆತಿರುವುದೂ ಉಂಟು.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. 2008ರಲ್ಲಿ ನಡೆದ ನಮ್ಮ ಅಕ್ಕನ ಮದುವೆಯ ವಿಡಿಯೋ ಎಂದರೆ ನಮ್ಮ ಮನೆಯಲ್ಲಿ ಎರಡು ಡಿವಿಡಿಗಳು ಅಷ್ಟೇ ಎಂದು ಎಲ್ಲರೂ ನಂಬಿದ್ದೆವು. ಅಟ್ಟದ ಪೆಟ್ಟಿಗೆಯಲ್ಲಿ ಮೂಲ ಕ್ಯಾಸೆಟ್‌ಗಳು ಸಿಕ್ಕ ಮೇಲೆ ಗೊತ್ತಾಯಿತು, ಡಿವಿಡಿಯಲ್ಲಿ 720×576 ಚುಕ್ಕಿಗಳಿಗೆ ಇಳಿದಿದ್ದ ಚಿತ್ರ ಟೇಪಿನಲ್ಲಿ 1440×1080 ಚುಕ್ಕಿಗಳಲ್ಲಿ ಹಾಗೆಯೇ ಉಳಿದಿತ್ತು. ಧಾರೆಯ ಹೊತ್ತಿನಲ್ಲಿ ಅಜ್ಜಿಯ ಮುಖದ ಮೇಲಿನ ಗೆರೆಗಳನ್ನು ನಾನು ಮೊದಲ ಬಾರಿಗೆ ಸ್ಪಷ್ಟವಾಗಿ ನೋಡಿದ್ದು ಆ ಟೇಪಿನಿಂದ. ನಿಮ್ಮ ಮನೆಯಲ್ಲೂ ಡಿವಿಡಿ ಮಾತ್ರ ಇದ್ದರೆ, ಚಿತ್ರಿಸಿದವರ ಬಳಿ ಕ್ಯಾಸೆಟ್ ಉಳಿದಿದೆಯೇ ಎಂದು ಒಮ್ಮೆ ಕೇಳಿ.

ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಭಾರತದಲ್ಲಿ ಮಾರಾಟವಾದ ಕ್ಯಾಮೆರಾಗಳು 50ಐ, ಅಂದರೆ ಸೆಕೆಂಡಿಗೆ 50 ಅರೆಚಿತ್ರಗಳ ಲೆಕ್ಕದಲ್ಲಿ ರೆಕಾರ್ಡ್ ಮಾಡುತ್ತಿದ್ದವು. ಅಮೆರಿಕದಲ್ಲಿರುವ ಬಂಧುಗಳು ತಂದ ಕ್ಯಾಸೆಟ್ 60ಐ ಆಗಿರುತ್ತದೆ. ಇಲ್ಲಿನ ಮನೆಬಳಕೆಯ ಕ್ಯಾಮೆರಾದಲ್ಲಿ ಅದು ಓಡದಿದ್ದರೆ ಗಾಬರಿಯಾಗಬೇಡಿ. ಸೋನಿ ಝಡ್1 ಎರಡನ್ನೂ ನುಡಿಸಬಲ್ಲದು. ಹಾಗೆಯೇ ಕ್ಯಾನನ್ ಎಕ್ಸ್‌ಎಚ್-ಎ1ರ ‘ಎಫ್’ ಮೋಡ್‌ನಲ್ಲಿ ಚಿತ್ರಿಸಿದ್ದನ್ನು ಕ್ಯಾನನ್ ಕ್ಯಾಮೆರಾದಲ್ಲೇ ಓಡಿಸುವುದು ಸುರಕ್ಷಿತ.

ಹಂತ 2: ಸಲಕರಣೆ ಹೊಂದಿಸಿಕೊಳ್ಳಿ

ಒಂದು, ಟೇಪು ಓಡಿಸುವ ಎಚ್‌ಡಿವಿ ಕ್ಯಾಮೆರಾ. ಚಿತ್ರಿಸಿದ ಕ್ಯಾಮೆರಾವೇ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಹೆಡ್ಡುಗಳು (ಟೇಪಿನ ಮೇಲೆ ಬರೆಯುವ, ಓದುವ ಪುಟ್ಟ ಭಾಗಗಳು) ಟೇಪಿನ ಮೇಲೆ ಗೆರೆ ಎಳೆದ ಕೋನ ಅದಕ್ಕೆ ಸರಿಯಾಗಿ ಹೊಂದುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಫೋಟೋ ನೋಡಿ ಕೊಳ್ಳಬೇಡಿ. ಅಷ್ಟೊಂದು ಮುಖ್ಯವಲ್ಲದ ಒಂದು ಕ್ಯಾಸೆಟ್ ತೆಗೆದುಕೊಂಡು ಹೋಗಿ, ಹಾಕಿ, ಹತ್ತು ನಿಮಿಷ ಓಡಿಸಿ, ಹಿಂದಕ್ಕೆ ಸುತ್ತಿ, ಹೊರತೆಗೆಯಿರಿ. ಲೆನ್ಸ್ ಗೀಚಿದ್ದರೂ ಪರದೆ ಒಡೆದಿದ್ದರೂ ಪರವಾಗಿಲ್ಲ. ಟೇಪಿನ ಭಾಗವೂ ಫೈರ್‌ವೈರ್ ಕಿಂಡಿಯೂ ನೆಟ್ಟಗಿದ್ದರೆ ಸಾಕು.

ಎರಡು, ಕ್ಯಾಮೆರಾದ ಮೂಲ ವಿದ್ಯುತ್ ಅಡಾಪ್ಟರ್. ಹಳೆಯ ಬ್ಯಾಟರಿ ನಂಬಿ ಒಂದು ಗಂಟೆಯ ಕೆಲಸ ಆರಂಭಿಸಬೇಡಿ.

ಮೂರು, ಫೈರ್‌ವೈರ್ ಕೇಬಲ್. ಕ್ಯಾಮೆರಾ ಕಡೆ ಸಾಮಾನ್ಯವಾಗಿ ನಾಲ್ಕು ಪಿನ್ನಿನ ಸಣ್ಣ ತುದಿ, ಕಂಪ್ಯೂಟರ್ ಕಡೆ ಆರು ಪಿನ್ನಿನದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು, ನಂತರದ ಮ್ಯಾಕ್‌ಗಳಲ್ಲಿ ಒಂಬತ್ತು.

ನಾಲ್ಕು, ಫೈರ್‌ವೈರ್ ಇರುವ ಕಂಪ್ಯೂಟರ್. ಹೆಚ್ಚು ಜನ ಕೈಸುಟ್ಟುಕೊಳ್ಳುವ ಜಾಗ ಇದು. ಅಂಗಡಿಗಳಲ್ಲಿ ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ಕೇಬಲ್‌ಗಳು ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. ಫೈರ್‌ವೈರ್ ಆಡುವ ಭಾಷೆಯೇ ಬೇರೆ, ಯುಎಸ್‌ಬಿಯದೇ ಬೇರೆ. ತಂತಿಯನ್ನು ತಂತಿಗೆ ಬೆಸೆದ ಮಾತ್ರಕ್ಕೆ ಒಂದು ಇನ್ನೊಂದಾಗುವುದಿಲ್ಲ. ಕ್ಯಾಮೆರಾದಲ್ಲೇ ಯುಎಸ್‌ಬಿ ಕಿಂಡಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಈ ಕ್ಯಾಮೆರಾಗಳಲ್ಲಿ ಆ ಕಿಂಡಿ ಇರುವುದು ಮುಖ್ಯವಾಗಿ ಮೆಮೊರಿ ಕಾರ್ಡಿನ ಫೋಟೋಗಳಿಗಾಗಿ. ಟೇಪಿನ ಎಚ್‌ಡಿ ಅದರಿಂದ ಹೊರಬರುವುದಿಲ್ಲ.

ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡುಗಳು ನನಗೆ ಕಡಿಮೆ ತೊಂದರೆ ಕೊಟ್ಟಿವೆ. ಆದರೆ ನನ್ನ ಮೊದಲ ಸಲಹೆ ಬೇರೆ. ಫೈರ್‌ವೈರ್ ಕಿಂಡಿ ಇರುವ ವಿಂಡೋಸ್ 7ರ ಕಾಲದ ಹಳೆಯ ಕಂಪ್ಯೂಟರ್ ಎಲ್ಲಾದರೂ ಮೂಲೆಯಲ್ಲಿ ಕುಳಿತಿದ್ದರೆ ಅದನ್ನೇ ಎತ್ತಿಕೊಳ್ಳಿ. ಇಂಟರ್ನೆಟ್‌ಗೆ ಜೋಡಿಸದೆ, ಈ ಒಂದು ಕೆಲಸಕ್ಕೆ ಮೀಸಲಿಡಿ.

ಐದು, ಜಾಗ. ಒಂದು ಗಂಟೆಯ ಟೇಪು ಸುಮಾರು 11ರಿಂದ 13 ಜಿಬಿ ಆಗುತ್ತದೆ. ಹತ್ತು ಕ್ಯಾಸೆಟ್ ಇದ್ದರೆ, ತಪ್ಪಾದಾಗ ಮತ್ತೆ ಇಳಿಸುವುದಕ್ಕೂ ಸೇರಿಸಿ 250 ಜಿಬಿ ಖಾಲಿ ಇರಲಿ.

ಆರು, ಮಿನಿ ಡಿವಿಯ ಒಣ ಕ್ಲೀನಿಂಗ್ ಕ್ಯಾಸೆಟ್.

ಹಂತ 3: ಟೇಪನ್ನೂ ಕ್ಯಾಮೆರಾವನ್ನೂ ಅಣಿಮಾಡಿ

ಅವಸರ ಮಾಡಬಾರದ ಹಂತ ಇದು. ಇಲ್ಲಿ ಮಾಡಿದ ತಪ್ಪನ್ನು ಆಮೇಲೆ ಸರಿಪಡಿಸಲಾಗುವುದಿಲ್ಲ.

ಕ್ಯಾಸೆಟ್‌ನ ಪಾರದರ್ಶಕ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚು ಕನ್ನಡಿಯಂತೆ ನುಣ್ಣಗೆ, ಕಪ್ಪಗೆ ಕಾಣಬೇಕು. ಬಿಳಿಯ ಪುಡಿ, ಜೇಡರ ಬಲೆಯಂಥ ಎಳೆ, ಬೂದು ಮಚ್ಚೆ ಕಂಡರೆ ಅದು ಬೂಷ್ಟು. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ನಾಲ್ಕು ತಿಂಗಳ ಮಳೆಯನ್ನು ಹದಿನೈದು ಸಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಹೊಸತಲ್ಲ. ಬೂಷ್ಟು ಹಿಡಿದ ಕ್ಯಾಸೆಟನ್ನು ಯಾವ ಕಾರಣಕ್ಕೂ ಕ್ಯಾಮೆರಾಕ್ಕೆ ಹಾಕಬೇಡಿ. ಹೆಡ್ ಕೊಳೆಯಾಗುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಅಂಥದ್ದನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಟೇಪು ಶುಚಿ ಮಾಡಬಲ್ಲ ಪರಿಣತರಿಗೆ ಕೊಡಿ. ಬಿಸಿಲಿಗೆ ಒಣಗಿಸುವುದು, ಕೂದಲು ಒಣಗಿಸುವ ಯಂತ್ರ ಹಿಡಿಯುವುದು ಎರಡೂ ಬೇಡ. ಬಿಸಿಗೆ ಟೇಪು ಸೊಟ್ಟಗಾದರೆ ಮತ್ತೆ ಯಾರಿಂದಲೂ ನೆಟ್ಟಗಾಗುವುದಿಲ್ಲ.

ಕಣ್ಣಿಗೆ ಚೆನ್ನಾಗಿ ಕಾಣುವ ಕ್ಯಾಸೆಟ್‌ಗಳನ್ನೂ ತಂದ ಕೂಡಲೇ ಹಾಕಬೇಡಿ. ಕ್ಯಾಮೆರಾ ಮತ್ತು ಕ್ಯಾಸೆಟ್ ಒಂದೇ ಕೋಣೆಯಲ್ಲಿ ಒಂದು ದಿನ ಇರಲಿ. ತಂಪು ಕೋಣೆಯಿಂದ ಸೆಕೆಯ ಕೋಣೆಗೆ ಬಂದ ಕ್ಯಾಮೆರಾದ ಒಳಗೆ, ಹೆಡ್ ಡ್ರಮ್ಮಿನ ಮೇಲೆ ತೇವ ಕಟ್ಟುತ್ತದೆ. ಟೇಪು ಅದಕ್ಕೆ ಅಂಟಿಕೊಂಡರೆ ಹರಿದೇ ಹೋಗಬಹುದು. ಸಾಧ್ಯವಾದರೆ ಈ ಕೆಲಸವನ್ನು ಆಷಾಢದಲ್ಲಿ ಮಾಡದೆ ಮಾಘ, ಫಾಲ್ಗುಣಕ್ಕೆ ಇಟ್ಟುಕೊಳ್ಳಿ.

ಸೋನಿ ಕ್ಯಾಮೆರಾಗಳು ತಮ್ಮ ಕಷ್ಟವನ್ನು ಸಂಖ್ಯೆಯಲ್ಲಿ ಹೇಳುತ್ತವೆ. ‘ಸಿ:21’ ಎಂದರೆ ಒಳಗೆ ತೇವ ಕಟ್ಟಿದೆ: ಕ್ಯಾಸೆಟ್ ಹೊರತೆಗೆದು, ಮುಚ್ಚಳ ತೆರೆದಿಟ್ಟು ಕನಿಷ್ಠ ಒಂದು ಗಂಟೆ ಬಿಡಿ. ‘ಸಿ:22’ ಎಂದರೆ ಹೆಡ್ ಕೊಳೆಯಾಗಿದೆ: ಕ್ಲೀನಿಂಗ್ ಕ್ಯಾಸೆಟ್ ಹಾಕಿ. ‘ಸಿ:31’ ಅಥವಾ ‘ಸಿ:32’ ಬಂದರೆ ಕ್ಯಾಸೆಟ್ ತೆಗೆದು, ವಿದ್ಯುತ್ ಪೂರ್ತಿ ಕಡಿದು, ಮತ್ತೆ ಕೊಟ್ಟು ನೋಡಿ. ಪದೇ ಪದೇ ಬಂದರೆ ಯಾಂತ್ರಿಕ ದೋಷ. ಆ ಕ್ಯಾಮೆರಾಕ್ಕೆ ನಿಮ್ಮ ಒಳ್ಳೆಯ ಕ್ಯಾಸೆಟ್ ಕೊಡಬೇಡಿ.

ಕ್ಲೀನಿಂಗ್ ಕ್ಯಾಸೆಟನ್ನು ಹತ್ತು ಸೆಕೆಂಡು ಮಾತ್ರ ಓಡಿಸಿ ನಿಲ್ಲಿಸಿ. ಅದನ್ನು ಹಿಂದಕ್ಕೆ ಸುತ್ತಬಾರದು. ಒಂದು ಸಲ ಉಜ್ಜಿದ ಜಾಗದಲ್ಲಿ ಕೊಳೆ ಇರುತ್ತದೆ. ‘ಇನ್ನೂ ಸ್ವಲ್ಪ ಶುಚಿಯಾಗಲಿ’ ಎಂದು ಒಂದು ನಿಮಿಷ ಓಡಿಸುವವರು ಹೆಡ್ಡನ್ನೇ ಸವೆಸುತ್ತಿದ್ದಾರೆ.

ಈಗ ಅಷ್ಟೇನೂ ಮುಖ್ಯವಲ್ಲದ ಕ್ಯಾಸೆಟ್ ಹಾಕಿ ಐದು ನಿಮಿಷ ಓಡಿಸಿ, ಕ್ಯಾಮೆರಾದ ಪುಟ್ಟ ಪರದೆಯಲ್ಲೇ ನೋಡಿ. ಸರಿ ಇದ್ದರೆ ಮುಖ್ಯ ಕ್ಯಾಸೆಟ್ ಹಾಕಿ ಕೊನೆಯವರೆಗೆ ಮುಂದಕ್ಕೆ ಸುತ್ತಿ, ಮತ್ತೆ ಆರಂಭಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತ ಟೇಪಿನ ಬಿಗಿ ಇದರಿಂದ ಸಮನಾಗುತ್ತದೆ. ಸುತ್ತುವಾಗ ಕಿವಿಗೊಟ್ಟು ಕೇಳಿ. ಒಂದೇ ಸಮನೆಯ ಗುಂಯ್ ಶಬ್ದ ಸರಿ. ಕೀರಲು ಧ್ವನಿ, ತಡೆತಡೆದು ಸುತ್ತುವುದು, ಕಟಕಟ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಕ್ಯಾಸೆಟ್ ಸಿಕ್ಕಿಕೊಂಡರೆ ಎಳೆಯಬೇಡಿ. ಅಡಾಪ್ಟರ್ ತೆಗೆದು ಮತ್ತೆ ಹಾಕಿ ಹೊರತೆಗೆಯುವ ಗುಂಡಿ ಒತ್ತಿ ನೋಡಿ. ಮುಚ್ಚುವಾಗಲೂ ‘ಪುಶ್’ ಎಂದು ಗುರುತಿಸಿದ ಜಾಗವನ್ನೇ ಮೆಲ್ಲಗೆ ಒತ್ತಿ, ಒಳಗಿನ ಪೆಟ್ಟಿಗೆ ತಾನಾಗಿ ಕೆಳಗಿಳಿದ ಮೇಲೆಯೇ ಹೊರಗಿನ ಮುಚ್ಚಳ ಹಾಕಿ.

ಹಂತ 4: ಕೇಬಲ್ ಜೋಡಿಸುವ ಮೊದಲೇ ಕ್ಯಾಮೆರಾದ ಮೆನು ಸರಿಮಾಡಿ

‘ಮೊದಲೇ’ ಎಂಬ ಮಾತು ಮುಖ್ಯ. ಕೇಬಲ್ ಜೋಡಿಸಿದ ಕ್ಷಣದಲ್ಲಿ ಕ್ಯಾಮೆರಾ ತಾನು ಡಿವಿ ಯಂತ್ರವೋ ಎಚ್‌ಡಿವಿ ಯಂತ್ರವೋ ಎಂದು ಕಂಪ್ಯೂಟರ್‌ಗೆ ಪರಿಚಯ ಹೇಳಿಕೊಳ್ಳುತ್ತದೆ. ಆಮೇಲೆ ಮೆನು ಬದಲಿಸಿದರೆ ಕಂಪ್ಯೂಟರ್ ಗೊಂದಲಕ್ಕೆ ಬಿದ್ದು, ಕ್ಯಾಮೆರಾ ಕಂಡೂ ಕಾಣದಂತೆ ಆಗುತ್ತದೆ. ಸೋನಿಯ ಕೈಪಿಡಿಗಳೂ ಇದನ್ನೇ ಹೇಳುತ್ತವೆ, ಆದರೆ ಕೈಪಿಡಿ ಓದುವವರು ಕಡಿಮೆ.

ಕ್ಯಾಮೆರಾವನ್ನು ಟೇಪು ನೋಡುವ ಮೋಡ್‌ಗೆ ತನ್ನಿ. ಸೋನಿಯಲ್ಲಿ ‘ವಿಸಿಆರ್ ಎಚ್‌ಡಿವಿ/ಡಿವಿ’ ಎಂಬ ಆಯ್ಕೆಯನ್ನು ‘ಎಚ್‌ಡಿವಿ’ಗೆ ನಿಲ್ಲಿಸಿ, ‘ಆಟೋ’ದಲ್ಲಿ ಬಿಡಬೇಡಿ. ನಂತರ ‘ಐ.ಲಿಂಕ್ ಕನ್ವ್’ ಎಂಬುದನ್ನು ಹುಡುಕಿ ‘ಆಫ್’ ಮಾಡಿ. ಕೆಲವು ಮಾದರಿಗಳಲ್ಲಿ ಇದರ ಹೆಸರು ಸ್ವಲ್ಪ ಬೇರೆ. ಎಚ್‌ಡಿವಿಯಿಂದ ಡಿವಿಗೆ ಬದಲಿಸುವ ಅರ್ಥದ ಯಾವುದೇ ಆಯ್ಕೆ ಇದ್ದರೂ ಅದು ಆಫ್ ಆಗಿರಬೇಕು. ಕ್ಯಾನನ್ ಎಚ್‌ವಿ ಮಾದರಿಗಳಲ್ಲಿ ಡಿವಿ ಔಟ್‌ಪುಟ್ ‘ಡಿವಿ ಲಾಕ್ಡ್’ನಲ್ಲಿ ಇರಬಾರದು.

ಈ ಒಂದು ಆಯ್ಕೆ ಆನ್ ಇದ್ದರೆ ಎಲ್ಲವೂ ಸರಾಗವಾಗಿ ನಡೆಯುತ್ತದೆ. ಕಂಪ್ಯೂಟರ್ ಕ್ಯಾಮೆರಾವನ್ನು ಗುರುತಿಸುತ್ತದೆ, ಚಿತ್ರ ಬರುತ್ತದೆ, ಫೈಲ್ ಉಳಿಯುತ್ತದೆ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಬಂದಿರುವುದು ಕುಗ್ಗಿಸಿದ ಸಾದಾ ಡಿವಿ. ದೋಷ ಬಾಯಿಬಿಟ್ಟು ಹೇಳುವುದಿಲ್ಲ. ಅಕ್ಕನ ಮದುವೆಯ ನಾಲ್ಕು ಕ್ಯಾಸೆಟ್‌ಗಳನ್ನು ನಾನು ಮೊದಲು ಹೀಗೆಯೇ ಇಳಿಸಿದ್ದೆ. ತಿಳಿದ ಮೇಲೆ ನಾಲ್ಕನ್ನೂ ಮತ್ತೊಮ್ಮೆ ಓಡಿಸಬೇಕಾಯಿತು. ಹಳೆಯ ಟೇಪಿಗೆ ಪ್ರತಿ ಓಟವೂ ಸವೆತವೇ ಎಂಬ ಕಾರಣಕ್ಕೆ ಅದು ನನ್ನನ್ನು ಈಗಲೂ ಕಾಡುತ್ತದೆ.

ಹಂತ 5: ಕಂಪ್ಯೂಟರನ್ನು ಅಣಿಮಾಡಿ

ವಿಂಡೋಸ್ 7ರಲ್ಲಿ ಹೆಚ್ಚಿನ ಕೆಲಸವಿಲ್ಲ. ವಿಂಡೋಸ್ 10 ಅಥವಾ 11 ಆದರೆ ಡಿವೈಸ್ ಮ್ಯಾನೇಜರ್ ತೆರೆದು 1394 (ಫೈರ್‌ವೈರ್‌ಗೆ ವಿಂಡೋಸ್ ಕೊಡುವ ಹೆಸರು) ಕಂಟ್ರೋಲರ್‌ಗೆ ‘ಲೆಗಸಿ’ ಹೆಸರಿನ ಹಳೆಯ ಡ್ರೈವರ್ ಹಾಕಬೇಕಾಗಬಹುದು. ಮೈಕ್ರೋಸಾಫ್ಟ್ ಅದನ್ನು ಪ್ರತ್ಯೇಕವಾಗಿ ಕೊಟ್ಟಿತ್ತು. ಕ್ಯಾಮೆರಾ ಗುರುತಾಗಿ ಎರಡು ನಿಮಿಷದ ನಂತರ ಮಾಯವಾಗುವ ತೊಂದರೆ ಇದ್ದವರು ಮೊದಲು ಈ ಡ್ರೈವರ್ ಬದಲಿಸಿ ನೋಡಿ.

ಇಳಿಸಿಕೊಳ್ಳಲು ನಾನು ಬಳಸುವುದು ಎಚ್‌ಡಿವಿಸ್ಪ್ಲಿಟ್ ಎಂಬ ಉಚಿತ ಪುಟ್ಟ ತಂತ್ರಾಂಶ. ಅದು ಟೇಪಿನ ದತ್ತಾಂಶವನ್ನು ಮುಟ್ಟದೆ ‘ಎಂ2ಟಿ’ ಫೈಲಾಗಿ ಬರೆಯುತ್ತದೆ. ಲಿನಕ್ಸ್ ಬಳಸುವವರಿಗೆ ಡಿವಿಗ್ರ್ಯಾಬ್ ಇದೆ; ಅದಕ್ಕೆ ಎಚ್‌ಡಿವಿ ರೂಪದಲ್ಲಿ ಬರೆಯುವಂತೆ ಹೇಳಬೇಕು. ಹಳೆಯ ಮ್ಯಾಕ್‌ನಲ್ಲಿ ಐಮೂವಿ ಎಚ್‌ಡಿವಿಯನ್ನು ತನ್ನದೇ ಮಧ್ಯಂತರ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ. ಫೈಲ್ ಊದಿಕೊಳ್ಳುತ್ತದೆ, ಮೂಲ ದತ್ತಾಂಶವೂ ಸಿಗುವುದಿಲ್ಲ. ಅಲ್ಲಿ ಆ್ಯಪಲ್‌ನದೇ ಡಿವಿಎಚ್‌ಎಸ್‌ಕ್ಯಾಪ್ ಬಳಸಿ. ಹೊಸ ಮ್ಯಾಕ್‌ನವರು ಥಂಡರ್‌ಬೋಲ್ಟ್ ಅಡಾಪ್ಟರ್‌ಗಳ ಸರಪಳಿ ಕೊಳ್ಳುವ ಮೊದಲು ತಮ್ಮ ವ್ಯವಸ್ಥೆಯಲ್ಲಿ ಫೈರ್‌ವೈರ್ ಇನ್ನೂ ಇದೆಯೇ ಎಂದು ನೋಡಿಕೊಳ್ಳಿ. 2025ರ ಮ್ಯಾಕ್‌ಒಎಸ್ ಟಾಹೋದಲ್ಲಿ ಆ ಬೆಂಬಲ ತೆಗೆದುಹಾಕಲಾಗಿದೆ.

ಕಂಪ್ಯೂಟರ್ ನಿದ್ದೆಹೋಗುವ ಆಯ್ಕೆ, ವೈರಸ್ ತಪಾಸಣೆ, ತಾನಾಗಿ ಅಪ್‌ಡೇಟ್ ಆಗುವುದು, ಎಲ್ಲವನ್ನೂ ನಿಲ್ಲಿಸಿ. ಫೈಲನ್ನು ಒಳಗಿನ ಹಾರ್ಡ್ ಡಿಸ್ಕಿಗೇ ಬರೆಯಿಸಿ. ಯುಎಸ್‌ಬಿ ಡಿಸ್ಕಿಗೆ ಆಮೇಲೆ ನಕಲು ಮಾಡಬಹುದು.

ಹಂತ 6: ಜೋಡಿಸುವ ಕ್ರಮ

ಕ್ಯಾಮೆರಾ ಆಫ್. ಕಂಪ್ಯೂಟರೂ ಆಫ್. ಮೊದಲು ಕೇಬಲ್‌ನ ದೊಡ್ಡ ತುದಿಯನ್ನು ಕಂಪ್ಯೂಟರ್‌ಗೆ, ಆಮೇಲೆ ಸಣ್ಣ ತುದಿಯನ್ನು ಕ್ಯಾಮೆರಾಕ್ಕೆ. ನಂತರ ಕಂಪ್ಯೂಟರ್ ಆನ್, ಅದು ಪೂರ್ತಿ ಎದ್ದ ಮೇಲೆ ಕ್ಯಾಮೆರಾ ಆನ್.

ಆರು ಪಿನ್ನಿನ ತುದಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ಅದನ್ನು ತಿರುವುಮುರುವಾಗಿ ಬಲವಂತದಿಂದ ತುರುಕಿದರೆ ಕ್ಯಾಮೆರಾದ ಫೈರ್‌ವೈರ್ ಕಿಂಡಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕ್ಯಾಮೆರಾದ ಉಳಿದೆಲ್ಲ ಭಾಗವೂ ಚೆನ್ನಾಗಿದ್ದು ಈ ಒಂದು ಕಿಂಡಿ ಸತ್ತಿರುವ ಯಂತ್ರಗಳು ಹಳೆಯ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬೆರಳಿನಿಂದ ಆಕಾರ ನೋಡಿ ಸಿಕ್ಕಿಸಿ, ಒತ್ತಡ ಹಾಕಬೇಡಿ.

ಕ್ಯಾಮೆರಾ ಪರದೆಯಲ್ಲಿ ‘ಎಚ್‌ಡಿವಿ ಔಟ್’ ಅಥವಾ ಅಂಥದ್ದೇ ಸೂಚನೆ ಕಂಡರೆ ದಾರಿ ಸರಿ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿವಿ ಕ್ಯಾಮೆರಾ’ ಎಂದು ತೋರಿಸಿದರೆ ಕೇಬಲ್ ತೆಗೆದು ನಾಲ್ಕನೇ ಹಂತಕ್ಕೆ ಮರಳಿ. ಎಚ್‌ಡಿವಿಯಾಗಿ ಗುರುತಾದಾಗ ಅದು ಟೇಪ್ ಸಾಧನ ಎಂಬ ಅರ್ಥದ ಹೆಸರಿನಲ್ಲಿ ಕಾಣುತ್ತದೆ.

ಹಂತ 7: ಇಳಿಸಿಕೊಳ್ಳುವುದು

ಟೇಪು ಆರಂಭದಲ್ಲಿರಲಿ. ಎಚ್‌ಡಿವಿಸ್ಪ್ಲಿಟ್‌ನಲ್ಲಿ ಫೋಲ್ಡರ್ ಆರಿಸಿ, ಫೈಲಿಗೆ ಹೆಸರು ಕೊಡಿ. ದೃಶ್ಯಕ್ಕೊಂದು ಫೈಲಾಗಿ ತುಂಡರಿಸುವ ಆಯ್ಕೆಯನ್ನು ನಾನು ಆಫ್ ಮಾಡುತ್ತೇನೆ. ಇಡೀ ಟೇಪು ಒಂದೇ ಫೈಲಾಗಿ ಬರಲಿ. ಕತ್ತರಿಸುವುದು ಯಾವಾಗ ಬೇಕಾದರೂ ಆಗುತ್ತದೆ.

ರೆಕಾರ್ಡ್ ಆರಂಭಿಸಿ, ಆಮೇಲೆ ಟೇಪು ಓಡಿಸಿ. ಹಿಂದುಮುಂದಾದರೆ ಮೊದಲ ಕೆಲವು ಸೆಕೆಂಡು ಕಳೆದುಹೋಗುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಬೇಗ ಮಾಡುವ ಉಪಾಯವಿಲ್ಲ. ಆ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡಬೇಡಿ. ಪಕ್ಕದಲ್ಲೇ ಕುಳಿತು ನೋಡಿ, ಚಿತ್ರ ನಿಂತ ಅಥವಾ ಚೌಕಚೌಕವಾದ ಜಾಗಗಳ ಸಮಯವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ಮುಂದಿನ ಹಂತಕ್ಕೆ ಬೇಕೇ ಬೇಕು.

ಚಿತ್ರಿಸುವಾಗ ಕ್ಯಾಮೆರಾ ನಿಲ್ಲಿಸಿ, ಹಿಂದಕ್ಕೆ ಸುತ್ತಿ ನೋಡಿ, ಮತ್ತೆ ಆರಂಭಿಸಿದ ಜಾಗಗಳಲ್ಲಿ ಖಾಲಿ ಟೇಪು ಇರಬಹುದು. ಅಲ್ಲಿ ತಂತ್ರಾಂಶ ‘ಮುಗಿಯಿತು’ ಎಂದು ನಿಲ್ಲುತ್ತದೆ. ನಂಬಬೇಡಿ. ಟೇಪನ್ನು ಕೊನೆಯವರೆಗೆ ಓಡಿಸಿ ನೋಡಿ. ಒಬ್ಬರ ಮನೆಯ ಯಕ್ಷಗಾನದ ಟೇಪಿನಲ್ಲಿ ಇಪ್ಪತ್ತು ಸೆಕೆಂಡಿನ ಖಾಲಿ ಜಾಗದ ಆಚೆಗೆ ಅರ್ಧ ಗಂಟೆಯ ಪ್ರಸಂಗ ಉಳಿದಿತ್ತು. ಮಧ್ಯೆ ಸಾದಾ ಡಿವಿಯ ಭಾಗ ಬಂದರೂ ಹೀಗೆಯೇ ಪರದೆ ಬರಿದಾಗುತ್ತದೆ. ಅಂಥ ಭಾಗವನ್ನು ಕೇಬಲ್ ತೆಗೆದು, ಮೆನುವನ್ನು ‘ಡಿವಿ’ಗೆ ಬದಲಿಸಿ, ಬೇರೆಯಾಗಿ ಇಳಿಸಿಕೊಳ್ಳಬೇಕು. ಎಚ್‌ಡಿವಿಸ್ಪ್ಲಿಟ್ ಡಿವಿಗೆ ಆಗುವುದಿಲ್ಲ. ವಿನ್‌ಡಿವಿ ಎಂಬ ತಂತ್ರಾಂಶ ಆಗುತ್ತದೆ.

ಹಂತ 8: ಚಿತ್ರ ಒಡೆದರೆ ದೋಷ ಎಲ್ಲಿದೆ ಎಂದು ಕಂಡುಹಿಡಿಯಿರಿ

ಎಚ್‌ಡಿವಿಯಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. 50ಐ ಟೇಪಿನಲ್ಲಿ ಹನ್ನೆರಡು ಚಿತ್ರಗಳ ಒಂದೊಂದು ಗುಂಪು. ಮೊದಲನೆಯದು ಮಾತ್ರ ಪೂರ್ಣ, ಉಳಿದವು ಅದಕ್ಕಿಂತ ಬದಲಾದುದನ್ನಷ್ಟೇ ಹೇಳುತ್ತವೆ. ಆದ್ದರಿಂದ ಟೇಪಿನ ಮೇಲೆ ಕೂದಲೆಳೆಯಷ್ಟು ಜಾಗ ಓದಲಾಗದಿದ್ದರೂ ಸುಮಾರು ಅರ್ಧ ಸೆಕೆಂಡು ಚಿತ್ರ ನಿಂತುಬಿಡುತ್ತದೆ, ಧ್ವನಿಯೂ ಕಡಿಯುತ್ತದೆ. ಇದು ಎಚ್‌ಡಿವಿಯ ಸ್ವಭಾವ. ಗಂಟೆಗೆ ಒಂದೆರಡು ಸಲ ಆದರೆ ಚಿಂತೆ ಬೇಡ.

ಹೆಚ್ಚು ಸಲ ಆದರೆ ಹೀಗೆ ಪರೀಕ್ಷಿಸಿ. ಒಡೆದ ಜಾಗದಿಂದ ಎರಡು ನಿಮಿಷ ಹಿಂದಕ್ಕೆ ಹೋಗಿ, ಆ ಭಾಗವನ್ನು ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಇಳಿಸಿ. ಒಡಕು ಅದೇ ಜಾಗದಲ್ಲಿ ಮತ್ತೆ ಬಂದರೆ ದೋಷ ಟೇಪಿನಲ್ಲಿದೆ. ಜಾಗ ಬದಲಾದರೆ ಹೆಡ್ ಕೊಳೆಯಾಗಿದೆ ಅಥವಾ ಕೇಬಲ್, ಕಂಪ್ಯೂಟರ್ ತಡವರಿಸುತ್ತಿವೆ. ಈ ಎರಡರ ನಡುವೆ ತೀರ್ಮಾನಿಸಲು ಕ್ಯಾಮೆರಾದ ಪರದೆ ನೋಡಿ: ಅಲ್ಲಿ ಚಿತ್ರ ನುಣ್ಣಗೆ ಓಡುತ್ತಿದ್ದು ಫೈಲಿನಲ್ಲಿ ಮಾತ್ರ ಒಡೆದಿದ್ದರೆ ಕಂಪ್ಯೂಟರ್ ಕಡೆಯ ತೊಂದರೆ. ಕ್ಯಾಮೆರಾದಲ್ಲೂ ಒಡೆಯುತ್ತಿದ್ದರೆ ಹೆಡ್ ಶುಚಿಗೊಳಿಸಿ.

ಇಡೀ ಟೇಪಿನುದ್ದಕ್ಕೂ ಒಡೆಯುತ್ತಿದ್ದು ಬೇರೆ ಟೇಪುಗಳು ಚೆನ್ನಾಗಿ ಓಡುತ್ತಿದ್ದರೆ, ಚಿತ್ರಿಸಿದ ಕ್ಯಾಮೆರಾದ ಹೆಡ್ ಕೋನಕ್ಕೂ ನಿಮ್ಮದಕ್ಕೂ ಹೊಂದುತ್ತಿಲ್ಲ. ಇನ್ನೊಂದು ಕ್ಯಾಮೆರಾದಲ್ಲಿ ಪ್ರಯತ್ನಿಸಿ. ನನ್ನ ಬಳಿ ಸೋನಿಯಲ್ಲಿ ನಿಮಿಷಕ್ಕೊಮ್ಮೆ ನಿಲ್ಲುತ್ತಿದ್ದ ಟೇಪು ಕ್ಯಾನನ್ ಎಚ್‌ವಿ20ರಲ್ಲಿ ಒಂದೂ ಒಡಕಿಲ್ಲದೆ ಇಳಿಯಿತು. ಸೋಲೊಪ್ಪುವ ಮೊದಲು ಎರಡನೆಯ ಯಂತ್ರ ಹುಡುಕಿ.

ಎರಡು ಪ್ರಯತ್ನಗಳಲ್ಲಿ ಬೇರೆ ಬೇರೆ ಜಾಗ ಒಡೆದಿದ್ದರೆ ಒಳ್ಳೆಯ ತುಂಡುಗಳನ್ನು ಸೇರಿಸಿ ಒಂದು ಪೂರ್ಣ ಫೈಲ್ ಮಾಡಬಹುದು. ಲಾಸ್‌ಲೆಸ್‌ಕಟ್‌ನಂಥ, ಮರುಸಂಕುಚನ ಮಾಡದ ತಂತ್ರಾಂಶದಲ್ಲಿ ಗುಂಪಿನ ಗಡಿಯಲ್ಲೇ ಕತ್ತರಿಸಿ ಜೋಡಿಸಿ. ಒಂದೇ ಭಾಗವನ್ನು ಐದಾರು ಸಲಕ್ಕಿಂತ ಹೆಚ್ಚು ಉಜ್ಜಬೇಡಿ.

ಫೈರ್‌ವೈರ್ ಕಿಂಡಿಯೇ ಸತ್ತಿರುವ ಕ್ಯಾಮೆರಾ ಮಾತ್ರ ಸಿಕ್ಕಿದ್ದರೆ? ಕ್ಯಾನನ್ ಎಚ್‌ವಿ20, ಸೋನಿ ಎಚ್‌ಸಿ3 ಮತ್ತು ನಂತರದ ಮಾದರಿಗಳಲ್ಲಿ ಎಚ್‌ಡಿಎಂಐ ಇದೆ. ಎಚ್‌ಡಿಎಂಐ ರೆಕಾರ್ಡ್ ಮಾಡುವ ಡಬ್ಬಿಯಿಂದ ಎಚ್‌ಡಿ ಚಿತ್ರ ಪಡೆಯಬಹುದು. ಅದು ನಕಲಲ್ಲ, ಮರುರೆಕಾರ್ಡ್. ಚಿತ್ರೀಕರಣದ ದಿನಾಂಕ, ವೇಳೆಯ ದತ್ತಾಂಶ ಜೊತೆಗೆ ಬರುವುದಿಲ್ಲ. ಆದರೂ ಹಳದಿ ಪಿನ್ನಿಗಿಂತ ಎಷ್ಟೋ ಪಾಲು ಮೇಲು. ಪರದೆಯ ಮೇಲಿನ ಅಕ್ಷರಗಳು ಚಿತ್ರದೊಳಗೆ ಸೇರದಂತೆ ಮೆನುವಿನಲ್ಲಿ ಮೊದಲೇ ಆಫ್ ಮಾಡಿಕೊಳ್ಳಿ.

ಹಂತ 9: ಬಂದಿರುವುದು ನಿಜವಾಗಿ ಎಚ್‌ಡಿಯೇ ಎಂದು ಪರೀಕ್ಷಿಸಿ

ಮೊದಲ ಕ್ಯಾಸೆಟ್ ಇಳಿದ ಕೂಡಲೇ, ಎರಡನೆಯದನ್ನು ಮುಟ್ಟುವ ಮೊದಲೇ ಮಾಡಬೇಕಾದ ಕೆಲಸ ಇದು. ಮೀಡಿಯಾಇನ್ಫೋ ತಂತ್ರಾಂಶದಲ್ಲಿ ಫೈಲ್ ತೆರೆಯಿರಿ. ಎಂಪೆಗ್ ವಿಡಿಯೋ, 1440×1080, 16:9, ಸೆಕೆಂಡಿಗೆ 25 ಚಿತ್ರ, ಇಂಟರ್‌ಲೇಸ್ಡ್ (ಎರಡು ಅರೆಚಿತ್ರ ಹೆಣೆದು ಒಂದು ಚಿತ್ರ) ಎಂದು ತೋರಿಸಬೇಕು. 720×576 ಎಂದು ಕಂಡರೆ ಪರಿವರ್ತನೆಯ ಆಯ್ಕೆ ಆನ್ ಇತ್ತು. ನಾಲ್ಕನೇ ಹಂತಕ್ಕೆ ಹೋಗಿ.

ವಿಎಲ್‌ಸಿಯಲ್ಲಿ ಆರಂಭ, ನಡುವೆ ನಾಲ್ಕೈದು ಕಡೆ, ಕೊನೆ ಓಡಿಸಿ ನೋಡಿ. ಜನರೆಲ್ಲ ತೆಳ್ಳಗೆ ಉದ್ದವಾಗಿ ಕಂಡರೆ ಫೈಲ್ ಕೆಟ್ಟಿಲ್ಲ; ಎಚ್‌ಡಿವಿಯಲ್ಲಿ ಚುಕ್ಕಿಗಳು ಚೌಕವಾಗಿರದೆ ಅಡ್ಡಕ್ಕೆ ಅಗಲವಾಗಿರುತ್ತವೆ, ಆ ತಂತ್ರಾಂಶ ಅದನ್ನು ಗಮನಿಸಿಲ್ಲ ಅಷ್ಟೇ. ಕೈ ಬೀಸುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅದೂ ದೋಷವಲ್ಲ, ಇಂಟರ್‌ಲೇಸ್‌ನ ಗುರುತು.

ಹಂತ 10: ಮನೆಯವರಿಗೆ ನೋಡಲು ಪ್ರತಿ

ಫೋನಿಗೆ, ಟಿವಿಗೆ ಎಂಪಿ4 ಪ್ರತಿ ಬೇಕಾಗುತ್ತದೆ. ಹ್ಯಾಂಡ್‌ಬ್ರೇಕ್ ಸಾಕು. ಒಂದೇ ಎಚ್ಚರ: ಇಂಟರ್‌ಲೇಸ್ ತೆಗೆಯುವಾಗ ‘ಬಾಬ್’ ಆಯ್ಕೆ ಮಾಡಿ ಸೆಕೆಂಡಿಗೆ 50 ಚಿತ್ರಗಳಾಗಿ ಮಾಡಿ. ಸುಮ್ಮನೆ ಬಿಟ್ಟರೆ 25 ಆಗಿ ಚಲನೆಯ ಅರ್ಧ ಕಳೆದುಹೋಗುತ್ತದೆ. ಮಂಟಪದಲ್ಲಿ ಕುಳಿತ ದೃಶ್ಯದಲ್ಲಿ ವ್ಯತ್ಯಾಸ ಕಾಣದು. ಭರತನಾಟ್ಯದ ತೀರ್ಮಾನದಲ್ಲಿ, ಯಕ್ಷಗಾನದ ಗಿರಕಿಯಲ್ಲಿ ಕಣ್ಣಿಗೆ ರಾಚುತ್ತದೆ. ಎಂಪಿ4 ಆದ ಮೇಲೆ ಎಂ2ಟಿ ಫೈಲನ್ನು ಅಳಿಸಬೇಡಿ. ಇಷ್ಟು ಕಷ್ಟಪಟ್ಟು ಪಡೆದ ಮೂಲ ಅದು.

ಎಂ2ಟಿ ಫೈಲುಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಹೆಸರಿನಲ್ಲಿ ವರ್ಷ, ಸಮಾರಂಭ, ಊರು, ಕ್ಯಾಸೆಟ್ ಸಂಖ್ಯೆ ಇರಲಿ. ಕ್ಯಾಸೆಟ್ ಮೇಲೂ ಅದೇ ಸಂಖ್ಯೆ ಬರೆಯಿರಿ. ಕ್ಯಾಸೆಟನ್ನು ಆರಂಭಕ್ಕೆ ಸುತ್ತಿ, ಅದರ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಪೆಟ್ಟಿಗೆಯಲ್ಲಿಡಿ.

ಅಮೆರಿಕದಲ್ಲಿರುವವರಿಗೆ ಡಿ-ವಿಎಚ್‌ಎಸ್ ಬಗ್ಗೆ ಒಂದು ಮಾತು

ಅಲ್ಲಿನ ಕನ್ನಡಿಗರಲ್ಲಿ ಕೆಲವರ ಬಳಿ ಜೆವಿಸಿಯ ಡಿ-ವಿಎಚ್‌ಎಸ್ (ವಿಎಚ್‌ಎಸ್ ಗಾತ್ರದ ಡಿಜಿಟಲ್ ಟೇಪು) ಡೆಕ್‌ಗಳೂ ಟಿವಿಯಿಂದ ಎಚ್‌ಡಿಯಲ್ಲಿ ರೆಕಾರ್ಡ್ ಮಾಡಿಕೊಂಡ ದೊಡ್ಡ ಕ್ಯಾಸೆಟ್‌ಗಳೂ ಇರಬಹುದು. ಅದೂ ಎಂಪೆಗ್-2 ದತ್ತಾಂಶವೇ, ಸೆಕೆಂಡಿಗೆ 28.2 ಮೆಗಾಬಿಟ್‌ವರೆಗೆ, ಫೈರ್‌ವೈರ್ ದಾರಿಯೂ ಅದೇ. ನಕಲು ತಡೆ ಇಲ್ಲದೆ ರೆಕಾರ್ಡ್ ಆದವು ಮೇಲಿನ ಕ್ರಮದಲ್ಲೇ ಇಳಿಯುತ್ತವೆ. ‘ಡಿ-ಥಿಯೇಟರ್’ ಗುರುತಿನ ಸಿನಿಮಾ ಕ್ಯಾಸೆಟ್‌ಗಳು ಇಳಿಯುವುದಿಲ್ಲ. ಅವುಗಳಿಗೆ ಬೀಗ ಹಾಕಿ ಮಾರಿದ್ದರು, ಆ ಗುರುತಿರುವ ಡೆಕ್‌ನಲ್ಲಿ ನೇರವಾಗಿ ಟಿವಿಗೆ ಜೋಡಿಸಿ ನೋಡಬಹುದು ಅಷ್ಟೇ. ಅವು ಫೈರ್‌ವೈರ್‌ನಲ್ಲಿ ಬರುತ್ತಿಲ್ಲವೆಂದು ಕೇಬಲ್ ಬದಲಿಸುತ್ತಾ ಕೂರಬೇಡಿ.